ಸ್ಟೇಷನ್‌ಗೆ ಸುಮ್ನೆ ಬಂದು ಹೋಗಿ ಅಂದರೆ, ಮೊದಲು ಕಾಗದ ಕೇಳಿ

ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡುವ ನನಗೆ ಜಾಸ್ತಿ ಬರುವ ಫೋನ್ ಜಾಮೀನಿನ ವಿಷಯಕ್ಕಲ್ಲ. "ಮೇಡಂ, ಸ್ಟೇಷನ್ನಿಂದ ಫೋನ್ ಬಂದಿತ್ತು, ಸಾಹೇಬ್ರು ಕರೀತಿದ್ದಾರೆ, ಸುಮ್ನೆ ಬಂದು ಹೋಗು ಅಂದ್ರು, ಹೋಗ್ಲಾ ಬೇಡ್ವಾ?" ಇದೇ ಜಾಸ್ತಿ. ಯಾಕೆ ಕರೆದರಂತೆ ಅಂದರೆ ಗೊತ್ತಿಲ್ಲ. ಯಾವ ಕೇಸು, ಯಾರು ಕಂಪ್ಲೇಂಟ್ ಕೊಟ್ಟಿದ್ದು, ಗೊತ್ತಿಲ್ಲ. ಫೋನ್ ಮಾಡಿದ ಪೊಲೀಸರ ಹೆಸರು ಕೂಡ ಗೊತ್ತಿಲ್ಲ. ಹೀಗೆ ಹೋದವರಲ್ಲಿ ಕೆಲವರು ಬೆಳಗ್ಗಿಂದ ಸಂಜೆವರೆಗೆ ಬೆಂಚಿನ ಮೇಲೆ ಕೂತು, ಆ ದಿನದ ಕೂಲಿ ಕಳೆದುಕೊಂಡು, ಯಾವುದೋ ಹಾಳೆಗೆ ಸಹಿ ಹಾಕಿ ವಾಪಸ್ ಬರುತ್ತಾರೆ. ಇನ್ನು ಕೆಲವರು ಅವತ್ತು ವಾಪಸ್ ಬರುವುದೇ ಇಲ್ಲ, ಮನೆಯವರು ರಾತ್ರಿಯೆಲ್ಲ ಗೇಟಿನ ಹತ್ತಿರ ನಿಂತಿರುತ್ತಾರೆ, ಒಳಗೆ ಇದ್ದಾರಾ ಇಲ್ವಾ ಅಂತ ಹೇಳುವವರೂ ಇರುವುದಿಲ್ಲ.

ಪೊಲೀಸರಿಗೆ ಹೆದರಬೇಡಿ ಅಂತ ಹೇಳುವುದು ಸುಲಭ. ಹೆದರಿಕೆ ಹಾಗೆ ಹೋಗುವುದಿಲ್ಲ. ಹೆದರಿಕೆ ಇದ್ದರೂ ಬಾಯಿಗೆ ಬರಬೇಕಾದ ಒಂದು ಮಾತಿದೆ: "ಸರ್, ಬರೆದು ಕೊಡಿ." ನಮ್ಮ ಕಾನೂನು ಪೊಲೀಸರಿಗೆ ದೊಡ್ಡ ಅಧಿಕಾರ ಕೊಟ್ಟಿದೆ, ಆದರೆ ಆ ಅಧಿಕಾರ ಚಲಾಯಿಸುವ ಹೆಚ್ಚುಕಮ್ಮಿ ಪ್ರತಿ ಹಂತದಲ್ಲೂ ಒಂದು ಕಾಗದ ಇಟ್ಟಿದೆ. ಕರೆಯಬೇಕಾದರೆ ನೋಟಿಸ್. ಬಂಧಿಸಿದರೆ ಅರೆಸ್ಟ್ ಮೆಮೊ, ಅಂದರೆ ಬಂಧನದ ಟೈಮು, ವಿವರ ಬರೆದ ಹಾಳೆ, ಜೊತೆಗೆ ಬಂಧನದ ಕಾರಣ. ಬಂಧಿಸಿದವರ ಜೇಬಿನಲ್ಲಿದ್ದುದನ್ನು ತೆಗೆದುಕೊಂಡರೆ ರಸೀದಿ. ವಸ್ತು ಜಪ್ತಿ ಮಾಡಿದರೆ ಮಹಜರು, ಅಂದರೆ ಸಾಕ್ಷಿಗಳ ಮುಂದೆ ಬರೆದ ದಾಖಲೆ. ನಾನು ನೋಡಿದ ಅನ್ಯಾಯಗಳಲ್ಲಿ ಬಹುಪಾಲು ನಡೆದಿರುವುದು ಈ ಕಾಗದ ಹುಟ್ಟುವ ಮುಂಚಿನ ಗಂಟೆಗಳಲ್ಲಿ.

ಮೊದಲು ಈ ಕರೆಸಿಕೊಳ್ಳುವ ವಿಚಾರ. 2024ರ ಜುಲೈ 1ರಿಂದ ಕ್ರಿಮಿನಲ್ ಕೇಸು ನಡೆಸುವ ವಿಧಾನ ಹೇಳುವ ಹಳೇ ಕಾನೂನು ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್, ಬಂದಿದೆ. ಸೆಕ್ಷನ್ ನಂಬರ್‌ಗಳು ಬದಲಾಗಿವೆ, ಈ ವಿಷಯದಲ್ಲಿ ಒಳಗಿನ ಸಂಗತಿ ಅಷ್ಟೇನೂ ಬದಲಾಗಿಲ್ಲ. ಸಾಕ್ಷಿ ಅಂತಲೋ ವಿಷಯ ಗೊತ್ತಿರುವವರು ಅಂತಲೋ ಕರೆಯುವುದಾದರೆ ಸೆಕ್ಷನ್ 179. ತನಿಖಾಧಿಕಾರಿ ಬರವಣಿಗೆಯಲ್ಲಿ ಆದೇಶ ಕೊಡಬೇಕು. ಕರೆಸಿಕೊಳ್ಳುವವರು ಆ ಠಾಣೆಯ ಅಥವಾ ಪಕ್ಕದ ಠಾಣೆಯ ವ್ಯಾಪ್ತಿಯಲ್ಲಿ ಇರಬೇಕು. ಹೆಂಗಸರು, 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರು, ಇವರನ್ನು ಸಾಕ್ಷಿ ಹೇಳಲು ಸ್ಟೇಷನ್‌ಗೆ ಬನ್ನಿ ಅಂತ ಬಲವಂತ ಮಾಡುವ ಹಾಗಿಲ್ಲ. ಪೊಲೀಸರೇ ಮನೆಗೆ ಬಂದು ಕೇಳಬೇಕು. ತಾವಾಗಿಯೇ ಬರುತ್ತೇನೆ ಅಂದರೆ ಮಾತ್ರ ಠಾಣೆ. ಈ ಒಂದು ಸಾಲು ಗೊತ್ತಿಲ್ಲದೆ ಎಷ್ಟು ಜನ ಅಜ್ಜಿಯರು, ಕೈಗೂಸಿನ ತಾಯಂದಿರು ಠಾಣೆಯ ಜಗಲಿ ಮೇಲೆ ಕೂತಿದ್ದಾರೆ ಅನ್ನುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇದು ಹೊಸ ಮಾತೇನಲ್ಲ. 1977ರಲ್ಲಿ ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರನ್ನು ಕಟಕ್‌ನ ಠಾಣೆಗೆ ಕರೆಸಿ ಪ್ರಶ್ನೆಗಳ ಪಟ್ಟಿ ಕೈಗೆ ಕೊಟ್ಟಿದ್ದರು. ಅವರು ಉತ್ತರ ಕೊಡಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು ಎರಡು ವಿಷಯ ಹೇಳಿತು. ಹೆಂಗಸನ್ನು ಹಾಗೆ ಠಾಣೆಗೆ ಕರೆಸಿದ್ದೇ ತಪ್ಪು. ತನ್ನನ್ನು ಅಪರಾಧದಲ್ಲಿ ಸಿಕ್ಕಿಸುವಂಥ ಪ್ರಶ್ನೆಗೆ ಉತ್ತರ ಕೊಡದೆ ಇರುವ ಹಕ್ಕು ಕೋರ್ಟಿನ ಕಟಕಟೆಯಲ್ಲಷ್ಟೇ ಅಲ್ಲ, ಪೊಲೀಸ್ ವಿಚಾರಣೆಯ ಹೊತ್ತಿನಲ್ಲೂ ಇದೆ. ಈ ಹಕ್ಕು ಕೊಡುವ ಸಂವಿಧಾನದ 20(3)ನೇ ವಿಧಿಗೆ ಜೀವ ಬಂದಿದ್ದು ಅಲ್ಲಿ.

ನಿಮ್ಮ ಮೇಲೆಯೇ ದೂರು ಇದ್ದರೆ ಸೆಕ್ಷನ್ 35(3)ರ ನೋಟಿಸ್ ಕೊಡುತ್ತಾರೆ. ಹಳೇ ಸಿಆರ್‌ಪಿಸಿಯ 41ಎ ಇದೇ. 7 ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಕಣ್ಣುಮುಚ್ಚಿ ಅರೆಸ್ಟ್ ಮಾಡಬಾರದು, ಯಾಕೆ ಅರೆಸ್ಟ್ ಬೇಕು ಅಂತ ಕಾರಣ ಬರೆಯಬೇಕು, ಬೇಡವಾದರೆ ನೋಟಿಸ್ ಕೊಟ್ಟು ಕರೆಸಬೇಕು ಅಂತ 2014ರಲ್ಲಿ ಅರ್ನೇಶ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕಡ್ಡಾಯ ಮಾಡಿತು. 2025ರ ಜನವರಿಯಲ್ಲಿ ಇನ್ನೊಂದು ಮಾತೂ ಹೇಳಿದೆ, ಈ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ಆದರೆ ಸರಿಯಾದ ನೋಟಿಸ್ ಕೈಗೆ ಬಂದಮೇಲೆ ದಯವಿಟ್ಟು ಹೋಗಿ. ಹೇಳಿದ ದಿನ ಹೋಗಿ ಸಹಕರಿಸಿದರೆ ಆ ಕೇಸಿನಲ್ಲಿ ನಿಮ್ಮನ್ನು ಬಂಧಿಸಲು ಪೊಲೀಸರು ಬೇರೆ ಕಾರಣ ಬರೆಯಬೇಕಾಗುತ್ತದೆ. ಹೋಗದೆ ತಪ್ಪಿಸಿಕೊಂಡರೆ ಅದೇ ಅವರಿಗೆ ಕಾರಣ ಆಗುತ್ತದೆ. "ಅಯ್ಯೋ ಬಿಡಿ, ಏನಾಗತ್ತೆ" ಅಂತ ನೋಟಿಸನ್ನು ಟಿವಿ ಸ್ಟ್ಯಾಂಡಿನ ಕೆಳಗೆ ಇಡುವ ಮನೆಗಳನ್ನೂ ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಹೋದ ವರ್ಷ ಟೈಲ್ಸ್ ಕೆಲಸ ಮಾಡುವ ಒಬ್ಬ ಹುಡುಗನ ಜೊತೆ ನಾನೇ ಸ್ಟೇಷನ್‌ಗೆ ಹೋಗಿದ್ದೆ. ಯಾರ ಹತ್ತಿರವೋ ಕೈಸಾಲ ಮಾಡಿದ್ದ, ಅರ್ಧ ತೀರಿಸಿದ್ದ, ಉಳಿದಿದ್ದಕ್ಕೆ ಸಾಲ ಕೊಟ್ಟವರು ಸ್ಟೇಷನ್ ಹತ್ತಿದ್ದರು. ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ಒಂದು ಹಾಳೆ ಮುಂದಕ್ಕೆ ತಳ್ಳಿದರು. ಮೇಲೆ ನಾಲ್ಕು ಸಾಲು ಬರೆದಿತ್ತು, ನಡುವೆ ಪೂರ್ತಿ ಖಾಲಿ, ತೀರಾ ಕೆಳಗೆ ಸಹಿಗೆ ಪೆನ್ಸಿಲ್ಲಿನಲ್ಲಿ ಒಂದು ಗುರುತು. ಹುಡುಗ ಪೆನ್ನು ತೆಗೆದುಕೊಂಡೇ ಬಿಟ್ಟಿದ್ದ. "ಸರ್, ಎಫ್‌ಐಆರ್ ನಂಬರ್ ಎಷ್ಟು?" ಅಂತ ಕೇಳಿದೆ. "ಎಫ್‌ಐಆರ್ ಇಲ್ಲ ಮೇಡಂ, ಪಿಟಿಷನ್ ಎನ್‌ಕ್ವೈರಿ ಅಷ್ಟೆ." "ಎನ್‌ಸಿಆರ್ ಆದ್ರೂ ಆಗಿದೆಯಾ?" ಅಂದೆ, ಅಂದರೆ ಪೊಲೀಸರು ನೇರವಾಗಿ ತನಿಖೆ ಮಾಡಲಾಗದ ಸಣ್ಣ ಅಪರಾಧದ ದಾಖಲೆ. "ಇಲ್ಲ, ದುಡ್ಡು ಯಾವಾಗ ಕೊಡ್ತೀನಿ ಅಂತ ಬರೆದುಕೊಟ್ಟು ಹೋಗ್ಲಿ." ಅಂದರೆ ಕೇಸಿಲ್ಲ, ನೋಟಿಸಿಲ್ಲ, ಅಪರಾಧವೇ ಇಲ್ಲ. ಸಾಲ ವಸೂಲಿ ಸಿವಿಲ್ ಕೋರ್ಟಿನ ಕೆಲಸ. ಸಂಜ್ಞೇಯವಲ್ಲದ, ಅಂದರೆ ವಾರೆಂಟ್ ಇಲ್ಲದೆ ಬಂಧಿಸಲಾಗದ, ಅಪರಾಧವೇ ಆಗಿದ್ದರೂ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ, ಅದು ಸೆಕ್ಷನ್ 174. ಆ ಹಾಳೆಗೆ ಸಹಿ ಹಾಕಲಿಲ್ಲ. ನಾವೇ ಬೇರೆ ಹಾಳೆಯಲ್ಲಿ, ಕರೆದಿದ್ದಕ್ಕೆ ಇಂಥ ದಿನ ಇಂಥ ಹೊತ್ತಿಗೆ ಹಾಜರಾಗಿದ್ದೇವೆ, ವಿಷಯ ಸಿವಿಲ್ ಸ್ವರೂಪದ್ದು ಅಂತ ಬರೆದು, ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ, ಪ್ರತಿ ಮೇಲೆ ಠಾಣೆ ಸೀಲು, ತಾರೀಖು ಹಾಕಿಸಿಕೊಂಡು ಬಂದೆವು. ಯಾರೂ ಕೂಗಾಡಲಿಲ್ಲ. ರೈಟರ್ ಸ್ವಲ್ಪ ಹೊತ್ತು ಮುಖ ಗಂಟು ಹಾಕಿಕೊಂಡರು, ಆಮೇಲೆ ಸೀಲು ಒತ್ತಿದರು. ಆ ಹುಡುಗನಿಗೆ ಮತ್ತೆ ಕರೆ ಬರಲಿಲ್ಲ.

ಖಾಲಿ ಹಾಳೆಗೆ, ಅರ್ಧ ಖಾಲಿ ಹಾಳೆಗೆ ಸಹಿ ಬೇಡ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಬೇಕಾದ್ದೇ ಇಲ್ಲ, ಸೆಕ್ಷನ್ 181 ಹಾಗೇ ಹೇಳುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿ ಆಗುವುದೂ ಇಲ್ಲ. ಅದನ್ನು ಆಧರಿಸಿ ಏನಾದರೂ ವಸ್ತು ಸಿಕ್ಕರೆ ಅಷ್ಟು ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ "ಒಪ್ಪಿಕೊಂಡುಬಿಡು, ಮುಗಿದು ಹೋಗತ್ತೆ" ಅನ್ನುವ ಸಲಹೆ ಯಾರೇ ಕೊಟ್ಟರೂ ನಂಬಬೇಡಿ. ಏನೂ ಮುಗಿಯುವುದಿಲ್ಲ. ಮಂಪರು ಪರೀಕ್ಷೆ, ಸುಳ್ಳುಪತ್ತೆ ಯಂತ್ರ ಅಂತ ಹೆದರಿಸುವುದೂ ಉಂಟು. ಒಪ್ಪಿಗೆ ಇಲ್ಲದೆ ಯಾರ ಮೇಲೂ ಅವನ್ನು ಮಾಡುವಂತಿಲ್ಲ ಅಂತ 2010ರಲ್ಲೇ ತೀರ್ಮಾನ ಆಗಿದೆ. ಆ ಕೇಸಿನ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ.

ಇನ್ನು ರಸ್ತೆ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಉತ್ತರ ಭಾಗದಲ್ಲಿ ನಡೆದಿದ್ದು ನೆನಪಿದೆಯಾ? ಗಂಡ ಹೆಂಡತಿ ಹುಟ್ಟುಹಬ್ಬದ ಕಾರ್ಯಕ್ರಮ ಮುಗಿಸಿ ರಾತ್ರಿ ಮನೆ ಕಡೆ ನಡೆದು ಬರುತ್ತಿದ್ದರು. ಗಸ್ತಿನ ಪೊಲೀಸರು ತಡೆದು, ಗುರುತಿನ ಚೀಟಿ ತೋರಿಸಿ ಅಂದರು, ಫೋನ್ ತೆಗೆದುಕೊಂಡರು, ರಾತ್ರಿ 11ರ ಮೇಲೆ ರಸ್ತೆಯಲ್ಲಿ ಓಡಾಡುವ ಹಾಗಿಲ್ಲ, 3,000 ರೂಪಾಯಿ ದಂಡ ಅಂದರು. ಕೊನೆಗೆ 1,000 ರೂಪಾಯಿಯನ್ನು ಕ್ಯೂಆರ್ ಕೋಡ್ ತೋರಿಸಿ ಹಾಕಿಸಿಕೊಂಡರು. ಆ ದಂಪತಿ ಟ್ವಿಟರ್‌ನಲ್ಲಿ ಬರೆದ ಮೇಲೆ ಇಬ್ಬರು ಪೇದೆಗಳು ಅಮಾನತಾದರು. 11 ಗಂಟೆ ಮೇಲೆ ನಡೆಯಬಾರದು ಅನ್ನುವ ಕಾನೂನೇ ಇಲ್ಲ. ಕರ್ಫ್ಯೂ, ನಿಷೇಧಾಜ್ಞೆ ಇದ್ದರೆ ಬೇರೆ ಮಾತು. ಆಧಾರ್ ಕಾರ್ಡನ್ನು ಸದಾ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡಬೇಕು ಅನ್ನುವ ಕಾನೂನೂ ಇಲ್ಲ. ಇಬ್ಬರೂ ಓದಿದವರು, ಊರು ಬಲ್ಲವರು, ಆದರೂ ಆ ಹೊತ್ತಿನಲ್ಲಿ ದುಡ್ಡು ಹಾಕಿದರು, ಯಾಕಂದರೆ ನಡುರಾತ್ರಿ ಯೂನಿಫಾರ್ಮ್ ಎದುರಿಗೆ ನಿಂತಾಗ ಎಂಥವರಿಗೂ ನಾಲಿಗೆ ಒಣಗುತ್ತದೆ. ಅಂಥ ಹೊತ್ತಿಗೆ ಒಂದೇ ಪ್ರಶ್ನೆ ಸಾಕು: "ಯಾವ ಸೆಕ್ಷನ್ ಸರ್, ರಸೀದಿ ಕೊಡ್ತೀರಾ?" ದಂಡಕ್ಕೆ ರಸೀದಿ ಇರಲೇಬೇಕು. ಖಾಸಗಿ ಕ್ಯೂಆರ್ ಕೋಡಿಗೆ ಹೋದ ದುಡ್ಡು ದಂಡ ಅಲ್ಲ.

ಗಾಡಿ ವಿಚಾರ ಇಷ್ಟೆ. ಯೂನಿಫಾರ್ಮಿನಲ್ಲಿರುವ ಪೊಲೀಸರು ಕೇಳಿದರೆ ಡಿಎಲ್ ತೋರಿಸಬೇಕು. ಡಿಜಿಲಾಕರ್, ಎಂ-ಪರಿವಾಹನ್ ಆ್ಯಪಿನಲ್ಲಿರುವ ದಾಖಲೆ ಕಾಗದದಷ್ಟೇ ಊರ್ಜಿತ. ಸುಮ್ನೆ ದಾಖಲೆ ನೋಡಲು ಅಂತ ಗಾಡಿ ನಿಲ್ಲಿಸಬೇಡಿ, ಕಣ್ಣಿಗೆ ಕಾಣುವ ಉಲ್ಲಂಘನೆ ಇದ್ದರೆ ಮಾತ್ರ ನಿಲ್ಲಿಸಿ ಅಂತ 2022ರಲ್ಲೇ ಆಗಿನ ಡಿಜಿಪಿ ಪ್ರವೀಣ್ ಸೂದ್ ಬಹಿರಂಗವಾಗಿ ಹೇಳಿದ್ದರು, ಕುಡಿದು ಓಡಿಸುವವರ ತಪಾಸಣೆ ಒಂದು ಬಿಟ್ಟು. 2025ರಲ್ಲಿ ಮಂಡ್ಯದಲ್ಲಿ ತಪಾಸಣೆಗೆ ಅಂತ ಬೈಕ್ ತಡೆದಾಗ ಪುಟ್ಟ ಮಗುವೊಂದು ಬಿದ್ದು ಲಾರಿಗೆ ಸಿಕ್ಕಿ ಸತ್ತಿತು. ಆಮೇಲೆ ಮತ್ತೆ ಅದೇ ಸೂಚನೆ ಹೊರಟಿತು. ಒಂದು ಮಗುವಿನ ಜೀವ ಹೋಗುವ ತನಕ ಒಂದು ಸೂಚನೆ ಪಾಲನೆ ಆಗಲ್ಲ ಅಂದರೆ ಏನು ಹೇಳುವುದು. ಓಡುತ್ತಿರುವ ಗಾಡಿಯ ಕೀ ಕಿತ್ತುಕೊಳ್ಳುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆ ಯಾರಿಗೂ ಬರೆದುಕೊಟ್ಟಿಲ್ಲ.

ಫೋನ್ ಕೊಡು, ಲಾಕ್ ತೆಗಿ, ವಾಟ್ಸಾಪ್ ತೋರಿಸು ಅನ್ನುವುದು ಈಗೀಗ ಜಾಸ್ತಿ ಆಗಿದೆ. ಇದಕ್ಕೆ ನಮ್ಮ ಹೈಕೋರ್ಟೇ 2021ರ ಮಾರ್ಚಿನಲ್ಲಿ ವೀರೇಂದ್ರ ಖನ್ನಾ ಕೇಸಿನಲ್ಲಿ ದಾರಿ ಹಾಕಿಕೊಟ್ಟಿದೆ. ಫೋನಿನ ಒಳಗೆ ಹುಡುಕಬೇಕಾದರೆ ಸಾಮಾನ್ಯವಾಗಿ ಕೋರ್ಟಿನ ಸರ್ಚ್ ವಾರೆಂಟ್ ಬೇಕು. ತೀರಾ ತುರ್ತಾದರೆ ಮಾತ್ರ ವಾರೆಂಟ್ ಇಲ್ಲದೆ, ಅದೂ ಕಾರಣ ಬರೆದಿಟ್ಟು. ಅದೇ ತೀರ್ಪು ಪಾಸ್‌ವರ್ಡ್ ಕೊಡುವುದನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹಾಗೆ ಅಂತ ಒಪ್ಪಲಿಲ್ಲ, ಅದನ್ನೂ ತಿಳಿದಿರಿ. ಕೇಸು ದಾಖಲಾಗಿ ಕೋರ್ಟ್ ಆದೇಶ ಬಂದರೆ ಲೆಕ್ಕ ಬೇರೆ. ಆದರೆ ಸಿಗ್ನಲ್ ಹತ್ತಿರ, ಟೀ ಅಂಗಡಿ ಮುಂದೆ, ಯಾವ ಕೇಸೂ ಇಲ್ಲದೆ ಹುಡುಗರ ಗ್ಯಾಲರಿ ತೆಗೆಸಿ ನೋಡುವುದಕ್ಕೆ ಯಾವ ಆಧಾರವೂ ಇಲ್ಲ. "ವಾರೆಂಟ್ ಇದ್ದರೆ ಕೊಡ್ತೀನಿ ಸರ್" ಅಂತ ಮೆಲ್ಲಗೆ ಹೇಳಬಹುದು.

ಅರೆಸ್ಟ್ ಆದಾಗ ಎಲ್ಲಕ್ಕಿಂತ ಮುಖ್ಯವಾದದ್ದು ಅರೆಸ್ಟ್ ಮೆಮೊದಲ್ಲಿ ಬರೆದಿರುವ ಟೈಮು. ಬಂಧಿಸಿದವರನ್ನು 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು ಅಂತ ಸಂವಿಧಾನದ 22ನೇ ವಿಧಿ ಹೇಳುತ್ತದೆ. ಸಂಜೆ ಮನೆಯಿಂದ ಕರೆದುಕೊಂಡು ಹೋಗಿರುತ್ತಾರೆ, ಮೆಮೊದಲ್ಲಿ ಮಾರನೇ ದಿನ ಮಧ್ಯಾಹ್ನ ಬಸ್ ಸ್ಟ್ಯಾಂಡ್ ಹತ್ತಿರ ಹಿಡಿದ ಹಾಗೆ ಬರೆದಿರುತ್ತದೆ. ನಡುವಿನ ಆ ರಾತ್ರಿ ಯಾವ ಲೆಕ್ಕದಲ್ಲೂ ಇರುವುದಿಲ್ಲ. ಹೊಡೆತ ಬೀಳುವುದು, ಸಹಿ ಹಾಕಿಸಿಕೊಳ್ಳುವುದು ಜಾಸ್ತಿ ಆ ರಾತ್ರಿಯೇ. ಅದಕ್ಕೆ ಮನೆಯವರು ಮಾಡಬೇಕಾದ ಕೆಲಸ ಅಂದರೆ ಆ ಹೊತ್ತಿಗೇ ಒಂದು ಗುರುತು ಉಳಿಸುವುದು. 112ಕ್ಕೆ ಫೋನ್ ಮಾಡಿ, ಇಂಥವರನ್ನು ಇಷ್ಟು ಗಂಟೆಗೆ ಕರೆದುಕೊಂಡು ಹೋದರು, ಯಾವ ಠಾಣೆ ಅಂತ ಗೊತ್ತಾಗುತ್ತಿಲ್ಲ ಅನ್ನಿ. ಎಸ್‌ಪಿ ಆಫೀಸಿಗೆ ಇಮೇಲ್ ಹಾಕಿ. ವಕೀಲರಿಗೆ ಮೆಸೇಜ್ ಕಳಿಸಿ. ಬೀದಿಯಲ್ಲಿ ಯಾರದ್ದಾದರೂ ಸಿಸಿಟಿವಿ ಇದ್ದರೆ ಅವರಿಗೆ ಅಳಿಸಬೇಡಿ ಅನ್ನಿ. ನಾಳೆ ಕೋರ್ಟಿನಲ್ಲಿ ಮೆಮೊ ಸುಳ್ಳು ಅಂತ ತೋರಿಸಲು ಇವೇ ಬೇಕಾಗುವುದು.

ಮೆಮೊಗೆ ಮನೆಯವರೋ ಆ ಬೀದಿಯ ಗೌರವಸ್ಥರೋ ಒಬ್ಬರು ಸಾಕ್ಷಿ ಹಾಕಬೇಕು, ಬಂಧನಕ್ಕೊಳಗಾದವರೂ ಸಹಿ ಮಾಡಬೇಕು. ಬಂಧಿಸುವ ಪೊಲೀಸರ ಎದೆ ಮೇಲೆ ಹೆಸರು ಸ್ಪಷ್ಟವಾಗಿ ಕಾಣಬೇಕು. ನೀವು ಹೇಳಿದ ಒಬ್ಬರಿಗೆ ವಿಷಯ ತಿಳಿಸಬೇಕು. ವಿಚಾರಣೆ ನಡೆಯುವಾಗ, ಇಡೀ ಹೊತ್ತು ಅಲ್ಲದಿದ್ದರೂ, ನಿಮ್ಮ ವಕೀಲರನ್ನು ನೋಡಲು ಬಿಡಬೇಕು. ಇವೆಲ್ಲ ಬಂದಿದ್ದು ಕೋಲ್ಕತ್ತಾದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು ಅವರು 1986ರಲ್ಲಿ ಸುಪ್ರೀಂ ಕೋರ್ಟಿಗೆ ಬರೆದ ಒಂದು ಪತ್ರದಿಂದ. ಲಾಕಪ್ ಸಾವುಗಳ ಸುದ್ದಿ ಪೇಪರಿನಲ್ಲಿ ಓದಿ ಬರೆದಿದ್ದರು. ಹತ್ತು ವರ್ಷ ಆದಮೇಲೆ, 1996ರ ಡಿಸೆಂಬರಿನಲ್ಲಿ, ತೀರ್ಪು ಬಂತು. ಅದರ ನಿಯಮಗಳನ್ನು ಪ್ರತಿ ಠಾಣೆಯಲ್ಲೂ ಎದ್ದು ಕಾಣುವ ಕಡೆ ಹಾಕಬೇಕು ಅಂತಲೂ ಅದರಲ್ಲೇ ಇದೆ. ಮುಂದಿನ ಸಲ ಪಾಸ್‌ಪೋರ್ಟ್ ವೆರಿಫಿಕೇಷನ್‌ಗೆ ಹೋದಾಗ ಗೋಡೆ ಮೇಲೆ ನೋಡಿ, ನಿಂತು ಓದಿ.

ಬಂಧನದ ಕಾರಣವನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ, ಬರವಣಿಗೆಯಲ್ಲಿ ಕೊಡಲೇಬೇಕು, ತಕ್ಷಣ ಆಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲಾದರೂ ಬರೆದು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಹೇಳಿದೆ. ಇದು ಎಲ್ಲ ಅಪರಾಧಗಳಿಗೂ ಅನ್ವಯ. ಕನ್ನಡದವರಿಗೆ ಕನ್ನಡದಲ್ಲಿ. ನಮ್ಮೂರಿಗೆ ಕಟ್ಟಡ ಕೆಲಸಕ್ಕೆ ಬಂದಿರುವ ಬಿಹಾರದ ಹುಡುಗನಿಗೆ ಹಿಂದಿಯಲ್ಲಿ. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಬಂಧಿಸುವ ಹಾಗಿಲ್ಲ. ತೀರಾ ಅಸಾಧಾರಣ ಸಂದರ್ಭ ಆದರೆ ಮಹಿಳಾ ಅಧಿಕಾರಿ ಮೊದಲೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಬೇಡಿ ಹಾಕಿ ಬೀದಿಯಲ್ಲಿ ಮೆರವಣಿಗೆ ಮಾಡುವುದಕ್ಕಂತೂ ಅವಕಾಶವೇ ಇಲ್ಲ. ಬೇಡಿ ಹಾಕಬಹುದಾದ ಗಂಭೀರ ಅಪರಾಧಗಳ ಪಟ್ಟಿ ಹೊಸ ಕಾನೂನಿನಲ್ಲಿದೆ, ಉಳಿದವರಿಗೆ ಹಾಗೆ ಸುಮ್ನೆ ಹಾಕುವ ಹಾಗಿಲ್ಲ. ಕಾನೂನು ಓದುತ್ತಿದ್ದ ಒಬ್ಬ ವಿದ್ಯಾರ್ಥಿಗೆ ಬೇಡಿ ಹಾಕಿ ಜನರ ಮುಂದೆ ನಡೆಸಿಕೊಂಡು ಹೋಗಿದ್ದಕ್ಕೆ 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಇಷ್ಟು ಹೇಳಿದೆ ಅಂತ ರಸ್ತೆಯಲ್ಲಿ ಪೊಲೀಸರ ಜೊತೆ ಕಾನೂನು ವಾದಕ್ಕೆ ಇಳಿಯಬೇಡಿ. ಹೆಸರು, ವಿಳಾಸ ಕೇಳಿದರೆ ಸರಿಯಾಗಿ ಹೇಳಿ, ಸುಳ್ಳು ಹೇಳಿದರೆ ಅದೇ ಬಂಧನಕ್ಕೆ ದಾರಿ ಆಗಬಹುದು. ಜಾಗ ಖಾಲಿ ಮಾಡಿ ಅಂತ ಕಾನೂನುಬದ್ಧ ಸೂಚನೆ ಕೊಟ್ಟರೆ ಪಾಲಿಸಿ. ಪಾಲಿಸದವರನ್ನು ಹಿಡಿದಿಡಲು ಹೊಸ ಕಾನೂನಿನ ಸೆಕ್ಷನ್ 172 ಅಧಿಕಾರ ಕೊಟ್ಟಿದೆ. ಮೈ ಕೈ ಮುಟ್ಟಬೇಡಿ, ಬೈಯಬೇಡಿ, ಓಡಬೇಡಿ. ಸಾರ್ವಜನಿಕ ರಸ್ತೆಯಲ್ಲಿ ವಿಡಿಯೊ ಮಾಡಬಾರದು ಅನ್ನುವ ಕಾನೂನು ಇಲ್ಲ, ಆದರೆ ಮುಖದ ಹತ್ತಿರ ಫೋನ್ ಹಿಡಿದು ದಾರಿಗೆ ಅಡ್ಡ ನಿಂತರೆ ಕರ್ತವ್ಯಕ್ಕೆ ಅಡ್ಡಿ ಅಂತ ಕೇಸು ಬೀಳುತ್ತದೆ. ಎರಡು ಹೆಜ್ಜೆ ಹಿಂದೆ ನಿಂತು ಮಾಡಿ. ನನಗೆ ಗೊತ್ತಿರುವ ಪೊಲೀಸರಲ್ಲಿ ನೆಟ್ಟಗೆ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ನೋಟಿಸ್ ಕೇಳಿದರೆ "ಹೌದಲ್ವಾ, ತಗೊಳ್ಳಿ" ಅಂತ ಕೊಟ್ಟೂ ಬಿಡುತ್ತಾರೆ.

ಕೊನೆಗೆ ರಿಮಾಂಡಿನ ಹೊತ್ತು, ಅಂದರೆ ಬಂಧಿತರನ್ನು ಕಸ್ಟಡಿಗೆ ಕಳಿಸಬೇಕಾ ಅಂತ ತೀರ್ಮಾನಿಸಲು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಹೊತ್ತು. ಭಾನುವಾರ ಆದರೆ ಮ್ಯಾಜಿಸ್ಟ್ರೇಟರ ಮನೆಗೇ ಕರೆದುಕೊಂಡು ಹೋಗುತ್ತಾರೆ. ಅವರು ಕೇಳುತ್ತಾರೆ, "ಪೊಲೀಸರು ಏನಾದರೂ ತೊಂದರೆ ಕೊಟ್ಟರಾ?" ಹಿಂದೆ ಅದೇ ಪೊಲೀಸರು ನಿಂತಿರುತ್ತಾರೆ, ಹತ್ತರಲ್ಲಿ ಎಂಟು ಜನ "ಇಲ್ಲ ಸ್ವಾಮಿ" ಅನ್ನುತ್ತಾರೆ. ಆ ಇಲ್ಲ ಅನ್ನುವುದು ದಾಖಲಾಗಿ ಹೋಗುತ್ತದೆ, ಆಮೇಲೆ ಅದನ್ನು ಅಳಿಸುವುದು ಬಹಳ ಕಷ್ಟ. ಹೊಡೆದಿದ್ದರೆ ಅಲ್ಲೇ ಹೇಳಿ. ಅಂಗಿ ಎತ್ತಿ ತೋರಿಸಿ. ಕರೆದುಕೊಂಡು ಹೋದ ನಿಜವಾದ ಟೈಮ್ ಹೇಳಿ. ಬಂಧನದ ಕಾರಣ ಕೊಟ್ಟಿಲ್ಲ, ಮನೆಗೆ ತಿಳಿಸಿಲ್ಲ ಅಂದರೆ ಅದನ್ನೂ ಹೇಳಿ, ತಿಳಿಸಿದ್ದಾರಾ ಅಂತ ಖಾತ್ರಿ ಮಾಡಿಕೊಳ್ಳುವುದು ಮ್ಯಾಜಿಸ್ಟ್ರೇಟರ ಕರ್ತವ್ಯ. ವಕೀಲರು ಇಲ್ಲದಿದ್ದರೆ ಬೇಕು ಅನ್ನಿ, ಸರ್ಕಾರದ ಖರ್ಚಿನಲ್ಲಿ ಕೊಡುತ್ತಾರೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಸ್ಟಡಿಯಲ್ಲಿ ಇರುವ ಯಾರಿಗೇ ಆಗಲಿ ಇದಕ್ಕೆ ಆದಾಯದ ಮಿತಿ ಇಲ್ಲ. ಹೊರಗೆ ಇರುವ ಮನೆಯವರು ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು, ಅಥವಾ ತಾಲ್ಲೂಕು ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಬಹುದು. ಠಾಣೆಯೊಳಗಿನ ಸಿಸಿಟಿವಿ ದೃಶ್ಯ ಕಾಯ್ದಿಡಬೇಕು ಅಂತ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ, ಕನಿಷ್ಠ ಒಂದು ವರ್ಷ. ಅದನ್ನು ಉಳಿಸಿಡಿ ಅಂತ ಎಸ್‌ಪಿಗೂ ಕೋರ್ಟಿಗೂ ಅರ್ಜಿಯನ್ನು ಅದೇ ವಾರ ಹಾಕಿ, ಸೀಲು ಬಿದ್ದ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.